ಸಿದ್ದಾಪುರದಿಂದ ಬಂದ ಪ್ರಶ್ನೆಗಳು

ಮೂರನೆಯ ಪ್ರಶ್ನೆಗೆ ಗುರುಶಾಂತವ್ವನ ಕೈಯ ಸೀಮೆಸುಣ್ಣ ನಿಂತಿತು.

ಸಿರಸಿಯ ಹುಡುಗಿಯರ ಪರೀಕ್ಷೆಗೆ ಸಿದ್ದಾಪುರದ ಮಾಸ್ತರು ಪ್ರಶ್ನೆ ತೆಗೆಯುವುದು, ಅಲ್ಲಿಯವರಿಗೆ ಇವಳು ತೆಗೆಯುವುದು, ಅದು ಎರಡು ಶಾಲೆಗಳ ವಾಡಿಕೆ. ಲಕೋಟೆ ಒಡೆಯಬೇಕಾದದ್ದು ತರಗತಿಯಲ್ಲೇ. ಒಂದಕ್ಷರ ಬದಲಿಸದೆ ಹಲಗೆಯ ಮೇಲೆ ಬರೆಯಬೇಕು.

‘ಹರ್ ಐಸ್ … ಬ್ಯೂಟಿಫುಲ್.’ ಬಿಟ್ಟ ಸ್ಥಳದಲ್ಲಿ ‘ಈಸ್’ ಬೇಕೋ ‘ಆರ್’ ಬೇಕೋ ಹುಡುಗಿಯರು ತುಂಬಬೇಕು.

“ಯಾರ ಕಣ್ಣು, ಅಕ್ಕೋರೇ?” ಹಿಂದಿನ ಬೆಂಚು ಕಿಸಕ್ಕೆಂದಿತು.

“ಒಂದೋ ಎರಡೋ ಅಷ್ಟು ನೋಡ್ರಿ. ಯಾರದರ ಇರಲಿ!”

ಸಿದ್ದಾಪುರದ ಆ ಮಾಸ್ತರು, ದಿನಕರ ಹೆಗಡೆ! ಬಿ.ಎ. ಪಾಸಾದರೂ ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಬರೆಯುವ ಪೋರರ ಬುದ್ಧಿ ಬಿಟ್ಟಿಲ್ಲ. ಅವಳು ಮನಸ್ಸಿನಲ್ಲೇ ಉಗಿದಳು. ಆದರೂ ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನೇ ಎಲ್ಲಕ್ಕಿಂತ ಕೊನೆಗೆ ಒರೆಸಿದಳು. ಅದಕ್ಕಾಗಿ ತನ್ನನ್ನೂ ಉಗಿದುಕೊಂಡಳು.

ಶನಿವಾರ ಉತ್ತರಪತ್ರಿಕೆಗಳ ಕಟ್ಟು ಒಯ್ಯಲು ಅವನೇ ಬಂದ.

“ಪ್ರಶ್ನೆ ಕಷ್ಟ ಇತ್ತಾ?”

“ಭಾಳ ಹಗುರ ಇತ್ತು. ತೆಗೆದ ಮಾಸ್ತರ ಅದಕ್ಕಿಂತ ಹಗುರ.”

ಅವನು ನಕ್ಕ. ಕಿವಿ ಕೆಂಪಾದವು. ಆ ಕಿವಿಗಳನ್ನು ನೋಡಬಾರದೆಂದೇ ಅವಳು ಕಿಟಕಿಯತ್ತ ತಿರುಗಿದಳು.

“ನಿಮ್ಮ ತಾಯಿ ಮುಂದ ಹೇಳ್ರಿ ಇದನ್ನ.”

“ಆಯಿಗೆ ಇಂಗ್ಲಿಷ್ ಬರೋದಿಲ್ಲ.”

“ಕನ್ನಡ ಬರ್ತದಲ್ಲ? ನನ್ನ ಕೈಯಿಂದಲೇ ಬರೆಸೋ ಶೂರರು ನೀವು. ಲಿಂಗ ಕಟ್ಟಿದವರ ಮಗಳು ಬೇಕು ಅಂತ ನಿಮ್ಮ ಮನ್ಯಾಗ ಒಂದು ಮಾತು ಆಡೂದಾಗೂದಿಲ್ಲ.” ಅವಳು ಕಟ್ಟನ್ನು ಅವನ ಎದೆಗೆ ಒತ್ತಿ ಕೊಟ್ಟಳು. “ನಾಳೆ ಅಪ್ಪ ಬರ್ತಾನ. ಹಾವೇರ್ಯಾಗ ವರ ನೋಡ್ಯಾನ. ನಾನೂ ಹೂಂ ಅನ್ನಾಕಿ.”

ಅವನು ಕಟ್ಟನ್ನು ಕಂಕುಳಲ್ಲಿ ಇರಿಸಿಕೊಂಡು ಹೊರಟ. ಪುಕ್ಕಲ, ಎಂದುಕೊಂಡಳು.

ಮರುದಿನ ಅಪ್ಪ ಕಲ್ಲಯ್ಯ ಅವಳ ಬಾಡಿಗೆ ಕೋಣೆಯ ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ, ಹಾವೇರಿಯ ವರನ ಅಂಗಡಿಯನ್ನು ವರ್ಣಿಸುತ್ತಿದ್ದ. ಬಿಸಿಲಲ್ಲಿ ದಿನಕರ ಬಂದು ನಿಂತ.

“ಸರ್, ಐ ಹ್ಯಾವ್ ಕಮ್…”

“ನಮ್ಮಪ್ಪಗ ಇಂಗ್ಲಿಷ್ ಬರಂಗಿಲ್ರಿ,” ಎಂದಳು. ಇನ್ನು ಓಡುತ್ತಾನೆ, ಓಡಲಿ.

ಅವನು ಓಡಲಿಲ್ಲ. ಶಾಲೆಯಲ್ಲಿ ಎಂದೂ ಆಡದ ಮನೆಮಾತು ಬಾಯಿಗೆ ಬಂತು.

“ಆಯಿಗೆ ಎಲ್ಲ ಹೇಳೇ ಬಂದಿ. ಒಪ್ಪಿದ್ದಿಲ್ಲೆ. ಆದ್ರೂ ಆನು ಇವಳನ್ನೇ ಮದ್ವೆ ಆಗ್ತೆ.”

ಕಲ್ಲಯ್ಯನಿಗೆ ತಿಳಿಯದ ಮಾತೇನಲ್ಲ ಅದು. ಆದರೂ ಮಗಳ ಕಡೆ ತಿರುಗಿದ.

“ಏನಂತಾನವಾ, ಈ ಮಾಸ್ತರ?”

ಇಷ್ಟು ದಿನ ಅವನ ಮಾತನ್ನು ಬರೆದು ಒರೆಸಿದವಳು ಅವಳು. ಈಗ ಆಡಿದರೆ ಒರೆಸುವಂತಿಲ್ಲ.

“ನನ್ನ ಲಗ್ನ ಆಗ್ತೀನಿ ಅಂತಾರಪ್ಪ,” ಎಂದಳು. “ನಾನೂ ಅದನ್ನೇ ಅಂತೀನಿ.”

ಅಪ್ಪ ಬಾಯಲ್ಲಿದ್ದ ಎಲೆ ಪಕ್ಕಕ್ಕೆ ಉಗಿದು, “ಮೊದಲು ಬಿಸಿಲಾಗಿಂದ ಒಳಗ ಬಾ ಅನ್ನು. ಜಗಳ ನೆರಳಾಗ ಆಡೋಣು,” ಎಂದ.

ದಿನಕರ ಮೆಟ್ಟಿಲು ಹತ್ತಿದ. ಅಂಗಿಯ ಗುಂಡಿಗಳನ್ನು ತಪ್ಪಿ ಹಾಕಿಕೊಂಡಿದ್ದ.

“ಇಷ್ಟು ದೊಡ್ಡ ಮಾತು ಆಡಾಕ ಬಂದೀರಿ, ಗುಂಡಿ ನೆಟ್ಟಗ ಹಾಕ್ಕೊಳ್ಳಾಕ ಬರಂಗಿಲ್ಲೇನ್ರಿ?” ಎಂದು ಬೈಯುವಷ್ಟರಲ್ಲಿ ಅವಳ ಕಣ್ಣೆರಡೂ ತುಂಬಿದ್ದವು.