ಸೂರಪ್ಪನ ತಾಳ

ಇದು ನಾನೇ ಕಿವಿಯಾರೆ ಕೇಳಿದ್ದು. 2003ರಲ್ಲಿ ಮೊಳಕಾಲ್ಮೂರಿನಲ್ಲಿ ನಮ್ಮದೊಂದು ರಾಕ್ ಬ್ಯಾಂಡ್ ಇತ್ತು. ಅಮೆರಿಕದ ದಕ್ಷಿಣದ ಬ್ಲೂಸ್ ಬೆರೆತ, ಬಂಡೆ ಉರುಳಿದಂಥ ನಿಧಾನದ, ಭಾರದ ಸಂಗೀತ. ಅಮಾವಾಸ್ಯೆಯಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಅಂದು ಗೆಳೆಯ ರವಿತೇಜನ ಮಗ್ಗದ ಮನೆಯಲ್ಲಿ ನಮ್ಮ ಅಭ್ಯಾಸ.

ಆ ಸಲ ಅಮಾವಾಸ್ಯೆಯ ಮರುದಿನವೇ ಚಳ್ಳಕೆರೆಯಲ್ಲಿ ಮೊದಲ ಕಾರ್ಯಕ್ರಮ. ಡ್ರಮ್ಸ್ ಬಾರಿಸುವವನು ಕೈಕೊಟ್ಟಿದ್ದ. ತಾಳವಿಲ್ಲದೆ ನನ್ನ ಗಿಟಾರ್ ಓಡತೊಡಗಿತು.

"ಲೇ, ಬಸ್ಸು ಹಿಡೀಬೇಕೇನ್ಲೇ? ನಿಧಾನ!" ಎಂದ ರವಿತೇಜ.

ಆಗ ಮೂಲೆಯಲ್ಲಿ ಹಳೇ ಸೀರೆ ಹೊದಿಸಿದ್ದ ಮಗ್ಗದಿಂದ ದಡ್ ಎಂದಿತು. ತುಸು ಬಿಟ್ಟು ಮತ್ತೆ ದಡ್. ಮಧ್ಯಾಹ್ನದ ಸೆಕೆಯಲ್ಲೂ ನೆಲ ಅಂಗಾಲಿಗೆ ತಣ್ಣಗಾಯಿತು. ನೇಯುವಾಗ ಎಳೆಗಳನ್ನು ಬಡಿದು ಕೂರಿಸುವ ಮಗ್ಗದ ಹಲಗೆ ಗಾಳಿಗೆ ಬಡಿಯುತ್ತಿರಬೇಕು ಎಂದುಕೊಂಡೆ.

"ತೀರ್ಕೊಂಡ ನಮ್ಮ ಸೂರಪ್ಪ ತಾತ ಹಿಂಗೇ ಬಡೀತಿದ್ದ," ಎಂದ ರವಿತೇಜ ಮೆಲ್ಲಗೆ. "ನಿಲ್ಲಿಸ್ಬೇಡ, ನುಡ್ಸು."

ಸಂಜೆವರೆಗೂ ಆ ಪೆಟ್ಟು ನಮ್ಮನ್ನು ಕೈಹಿಡಿದು ನಡೆಸಿತು. ಅದನ್ನೇ ಕ್ಯಾಸೆಟ್ಟಿಗೆ ತುಂಬಿಕೊಂಡು, ಚಳ್ಳಕೆರೆಯಲ್ಲಿ ಅದನ್ನು ಹಾಕಿ ಅದರ ತಾಳಕ್ಕೆ ನುಡಿಸಿದೆವು, ಮರ್ಯಾದೆ ಉಳಿಯಿತು.

ವಾಪಸಾದವನೇ ಆ ಮಗ್ಗಕ್ಕೆ ಹೂವು ಏರಿಸಿ ಕೈಮುಗಿದೆ. ರವಿತೇಜನ ಅವ್ವ ಎರ್ರಮ್ಮ ನಕ್ಕರು.

"ಇದಕ್ಯಾಕಪ್ಪ ಪೂಜೆ? ಇದರ ಹಲಗೇನ ಬಡಗಿ ರಿಪೇರಿಗೆ ಬಿಚ್ಕೊಂಡ್ ಹೋಗಿ ಎಂಟು ದಿನ ಆತು."