ಹೆಸರಿಲ್ಲದ ಬಟನ್

ಅಕ್ಟೋಬರ್ ಎಂಟು, ಮಂಗಳವಾರ. ಜೋಗ್ಜಾ ನಗರದ ದಕ್ಷಿಣ ಠಾಣೆಯಲ್ಲಿ ಬೆಳಗಿನ ಹಾಜರಿ ಮುಗಿದು ಎಲ್ಲರೂ ಕಾಫಿಗೆ ಕೈಚಾಚುವ ಹೊತ್ತಿಗೆ ಬಿಳಿ ಕೋಲು ಹಿಡಿದ ಹೆಂಗಸೊಬ್ಬಳು ಒಳಗೆ ಬಂದಳು. ಹೆಸರು ಲೆಗಿನಾ. ವಯಸ್ಸು ನಲವತ್ತಾರು. ಹುಟ್ಟಿನಿಂದಲೇ ಕಣ್ಣು ಕಾಣದು. ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಾಲೀಸು ಮನೆ ನಡೆಸುತ್ತಾಳೆ. ಅವಳೂ ಸೇರಿ ಅಲ್ಲಿ ಕೆಲಸ ಮಾಡುವ ಐದೂ ಮಂದಿ ಕಣ್ಣಿಲ್ಲದವರೇ.

ದೂರು ಬರೆದುಕೊಳ್ಳಲು ಕೂತವನು ಹೆಡ್ ಕಾನ್‌ಸ್ಟೇಬಲ್ ತುಕಿರಾನ್. ಬಾಯಿಗೆ ಬೀಗವಿಲ್ಲದ ಮನುಷ್ಯ.

"ಯಾರ ಮೇಲೆ ದೂರು, ಇಬು?" ಎಂದ. ಆ ಊರಲ್ಲಿ ಹೆಂಗಸರನ್ನು ಅಮ್ಮ ಎಂಬಂತೆ ಹಾಗೆ ಕರೆಯುತ್ತಾರೆ.

"ನಮ್ಮ ಮೇಲೆ ದೂರು ಕೊಟ್ಟವರ ಮೇಲೆ."

"ಅವರ್ಯಾರು?"

"ಗೊತ್ತಿಲ್ಲ. ಮುಖ ನೋಡಿಲ್ಲ."

"ನೀವು ಯಾರ ಮುಖ ನೋಡಿದ್ದೀರಿ, ಇಬು?" ಎಂದವನು ನಾಲಿಗೆ ಕಚ್ಚಿಕೊಂಡ.

"ನಿಮ್ಮದನ್ನಂತೂ ನೋಡಿಲ್ಲ, ನನ್ನ ಪುಣ್ಯ," ಎಂದಳು ಲೆಗಿನಾ. "ಬರ್ಕೊಳ್ಳಿ."

ನಗರಸಭೆಯವರು ಜನರ ಅಹವಾಲಿಗೆಂದು ಒಂದು ಆ್ಯಪ್ ಮಾಡಿದ್ದರು. ಹೆಸರು ಹೇಳದೆ ದನಿಯಲ್ಲೇ ದೂರು ಕಳಿಸಬಹುದು. ಹೋದ ವಾರ ಯಾರೋ ಹಾಗೆ ಕಳಿಸಿದ್ದರು: ಕುರುಡರ ಮಾಲೀಸು ಮನೆಯಲ್ಲಿ ಪರದೆಯ ಹಿಂದೆ ಹುಡುಗಿಯರಿಂದ ಬೇರೆ ಕಸುಬು ಮಾಡಿಸುತ್ತಾರೆ ಎಂದು. ಮಾರನೆಯ ದಿನವೇ ನಗರಸಭೆಯವರು ಬಂದು ಗಿರಾಕಿಗಳನ್ನು ಅರೆಬಟ್ಟೆಯಲ್ಲಿ ಎಬ್ಬಿಸಿ, ಇಬ್ಬರು ಹುಡುಗಿಯರನ್ನು ಓಣಿಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿ, ಬಾಗಿಲಿಗೆ ವ್ಯಾಪಾರ ನಿಲ್ಲಿಸಿದ ನೋಟಿಸು ಅಂಟಿಸಿ ಹೋದರು. ಬರುವ ಸೋಮವಾರ ವಾರ್ಡಿನ ಸಭೆ. ಅಷ್ಟರೊಳಗೆ ದೂರು ಸುಳ್ಳೆಂದು ತೀರ್ಮಾನವಾಗದಿದ್ದರೆ ಪರವಾನಗಿ ರದ್ದು.

"ಐದು ಜನ ಬೀದಿಗೆ ಬೀಳ್ತೀವಿ, ಅದಾದ್ರೂ ಹಾಳಾಗ್ಲಿ," ಎಂದಳು ಲೆಗಿನಾ. "ಆ ಹುಡುಗೀರು ಊಟ ಬಿಟ್ಟಿದಾರೆ. ಓಣೀಲಿ ಯಾರು ನೋಡ್ತಿದ್ರು, ಎಷ್ಟು ಜನ ನಿಂತಿದ್ರು ಅಂತ ನನ್ನ ಕೇಳ್ತಾರೆ. ನಾನೇನು ಹೇಳ್ಲಿ?"

ತುಕಿರಾನ್ ತಲೆ ತಗ್ಗಿಸಿ ಬರೆದುಕೊಂಡ. ಎಫ್‌ಐಆರ್ ದಾಖಲಾಯಿತು. ತನಿಖೆ ಇನ್ಸ್‌ಪೆಕ್ಟರ್ ಸಸೊಂಕೊನ ಪಾಲಿಗೆ ಬಂತು.

ಸಸೊಂಕೊ ಹೆಚ್ಚು ಮಾತಿನವನಲ್ಲ. ಹದಿನೆಂಟು ವರ್ಷದ ಸೇವೆಯಲ್ಲಿ ಕೊಲೆಗಡುಕರನ್ನೂ ಕಂಡಿದ್ದ, ಕೋಳಿ ಕದ್ದವರನ್ನೂ ಕಂಡಿದ್ದ. ಹೆಸರಿಲ್ಲದ ದೂರು ಕೊಡುವವರನ್ನು ಕಂಡರೆ ಮಾತ್ರ ಅವನಿಗೆ ಮೈಯುರಿ. ಬುಧವಾರ ನಗರಸಭೆಗೆ ಹೋದ. ಅಲ್ಲಿನ ಗುಮಾಸ್ತ, ದೂರು ಕೊಟ್ಟವರ ನಂಬರು ಉಳಿಯುವುದೇ ಇಲ್ಲ, ಆ್ಯಪ್ ಮಾಡಿಸಿದ್ದೇ ಹಾಗೆ ಎಂದು ಕೈಚೆಲ್ಲಿದ. ಸಿಕ್ಕಿದ್ದು ಧ್ವನಿಮುದ್ರಣ ಒಂದೇ.

ಠಾಣೆಗೆ ತಂದು ಕೇಳಿದರು. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಪಿಸುಗುಟ್ಟಿದ ದನಿ. ಗಂಡೋ ಹೆಣ್ಣೋ ತಿಳಿಯದು. ಅರ್ಧ ನಿಮಿಷದ ಮಾತು, ಕೊನೆಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಒಂದು ಚಿಟಪಟ ಸದ್ದು.

"ಫೋನು ಕೆಟ್ಟಿರ್ಬೇಕು ಸಾರ್," ಎಂದ ತುಕಿರಾನ್. "ಇಂಥ ಕೆಲಸಕ್ಕೆ ಒಳ್ಳೇ ಫೋನ್ ಯಾಕೆ ಅಂತ."

ಮೊದಲ ಅನುಮಾನ ಎದುರು ಓಣಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ಇಬು ಸುಲಿಸ್ ಮೇಲೆ. ಗಿರಾಕಿಗಳನ್ನು ಕಿತ್ತುಕೊಳ್ಳುತ್ತಾರೆಂದು ಆಕೆ ಮಾಲೀಸು ಮನೆಯವರೊಂದಿಗೆ ಎರಡು ಸಲ ಬೀದಿಜಗಳ ಆಡಿದ್ದು ಓಣಿಗೆಲ್ಲ ಗೊತ್ತು. ಗುರುವಾರ ಆಕೆಯನ್ನು ಕರೆಸಿದರು.

"ಲೆಗಿನಾ ಕಂಡ್ರೆ ನಿಮಗಾಗಲ್ಲ."

"ಆಗಲ್ಲ."

"ದೂರು ಕೊಟ್ರಾ?"

"ಕೊಡೋದಿದ್ರೆ ಹೆಸರು ಹಾಕೇ ಕೊಡ್ತಿದ್ದೆ. ನನಗೇನು ಹೆದರಿಕೆ?" ಎಂದಳು ಸುಲಿಸ್. "ನನ್ನ ಸೊಂಟ ಹಿಡ್ಕೊಂಡ್ರೆ ಅಲ್ಲಿಗೇ ಹೋಗೋದು ನಾನು. ಮುದುಕಪ್ಪ ಕಾರ್ಸೊ ಇದಾರಲ್ಲ, ಅಂಥ ಕೈ ಈ ಊರಲ್ಲಿಲ್ಲ. ಆ ಮನೆ ಮುಚ್ಚಿಸಿ ನಾನು ಬಗ್ಗಿಕೊಂಡು ಓಡಾಡ್ಲಾ?"

ಆಕೆಯ ಫೋನಿನಲ್ಲಿ ನಗರಸಭೆಯ ಆ್ಯಪ್ ಇರಲಿಲ್ಲ. ಹಿಂದೆ ಇದ್ದದ್ದಕ್ಕೂ ಗುರುತಿಲ್ಲ. ಹೇಳಿಕೆ ಪಡೆದು ಕಳಿಸಿದರು.

ಮಧ್ಯಾಹ್ನ ಸಸೊಂಕೊ ಮಾಲೀಸು ಮನೆಗೆ ಹೋದ. ಪಂಚರನ್ನು ಕರೆದು ಸ್ಥಳ ಪಂಚನಾಮೆ ಬರೆಸಿದ. ಐದು ಮಂಚ, ಐದು ಪರದೆ, ಬಾಗಿಲ ಬಳಿ ಒಂದು ಉದ್ದ ಬೆಂಚು. ದೂರಿನಲ್ಲಿ ಹೇಳಿದ್ದ ಹಿಂದಿನ ಕೋಣೆಯಲ್ಲಿ ಎಣ್ಣೆ ಡಬ್ಬಗಳು, ಒಗೆದು ಮಡಿಸಿಟ್ಟ ಟವೆಲುಗಳು. ಇನ್ನೇನೂ ಇಲ್ಲ.

ಬೆಂಚಿನ ಮೇಲೆ ಕೂತಿದ್ದ ಮುದುಕ ಎದ್ದು ಕೈಜೋಡಿಸಿದ. ಎಲ್ಲರೂ ಬಾಪಾಕ್, ಅಂದರೆ ಅಪ್ಪ, ಎನ್ನುವ ಕಾರ್ಸೊ, ಎಪ್ಪತ್ತು ದಾಟಿದವನು, ಆ ಮನೆಯ ಎಲ್ಲರಿಗಿಂತ ಹಳಬ. ಬಾಯಲ್ಲಿ ಹಲ್ಲಿಲ್ಲ, ಕೈ ಮಾತ್ರ ಕಮ್ಮಾರನದು.

"ನಿಮಗ್ಯಾರ ಮೇಲಾದ್ರೂ ಅನುಮಾನ ಇದ್ಯಾ, ಬಾಪಾಕ್?"

"ನನ್ನ ಕೇಳಿ ಏನು ಪ್ರಯೋಜನ? ಫೋನಿಗೂ ನನಗೂ ಆಗಿಬರಲ್ಲ."

"ನಾಲ್ಕು ತಿಂಗಳು ಕಲಿಸಿದೀನಿ ಇವರಿಗೆ," ಎಂದಳು ಲೆಗಿನಾ ಒಳಗಿನಿಂದ ಬರುತ್ತಾ. "ಎತ್ತಿನ ಗಾಡಿ ಹೋದ ಹಾಗೆ ಮಾತಾಡತ್ತೆ ಇವರ ಫೋನು. ಅಷ್ಟಾದ್ರೂ ಬಂದ ಮೆಸೇಜು ನಾನೇ ಓದಿ ಹೇಳ್ಬೇಕು."

"ಹಳೇ ತಲೆ ಕಣಮ್ಮ," ಎಂದು ಮುದುಕ ನಕ್ಕ.

ಅಷ್ಟರಲ್ಲಿ ಲೆಗಿನಾಳ ಫೋನು ಗುಂಯ್ಗುಟ್ಟಿತು. ಅವಳು ಕೈಗೆತ್ತಿಕೊಂಡಳು. ಪರದೆ ಕಪ್ಪಗಿತ್ತು, ಬೆಳಕೇ ಇಲ್ಲ. ಬೆರಳು ಅದರ ಮೇಲೆ ಸರಿದಾಡಿದ ಹಾಗೆಲ್ಲ ಫೋನಿನಿಂದ ಚಿಟಪಟ ಸದ್ದು ಬಂತು. ಸಸೊಂಕೊ ಬರೆಯುತ್ತಿದ್ದ ಕೈ ನಿಲ್ಲಿಸಿದ.

"ಇಬು, ಏನದು ಸದ್ದು?"

"ಯಾವ ಸದ್ದು?"

"ನಿಮ್ಮ ಫೋನಿಂದ ಬಂತಲ್ಲ."

"ಓ, ಇದಾ? ಮಾತು ಇದು. ಬೆರಳಿಟ್ಟ ಕಡೆ ಏನಿದೆ ಅಂತ ಓದಿ ಹೇಳತ್ತೆ. ನಾವು ಜೋರಾಗಿ ಓಡಿಸ್ಕೋತೀವಿ, ಇಲ್ದಿದ್ರೆ ಒಂದು ಮೆಸೇಜು ಓದೋಷ್ಟರಲ್ಲಿ ಬೆಳಗಾಗತ್ತೆ. ನಮಗೆ ಸದ್ದು ಅನ್ಸೋದೇ ಇಲ್ಲ ಅದು."

ಸಸೊಂಕೊ ಪಂಚರ ಸಹಿ ಹಾಕಿಸಿಕೊಂಡು ನೇರ ಠಾಣೆಗೆ ಬಂದ. ಧ್ವನಿಮುದ್ರಣದ ಕೊನೆಯ ತುಣುಕನ್ನು ಕಂಪ್ಯೂಟರಿಗೆ ಹಾಕಿ ವೇಗ ಇಳಿಸಿದರು. ಚಿಟಪಟ ಹೋಗಿ ಗೊಣಗು ಬಂತು. ಇನ್ನೂ ಇಳಿಸಿದರು. ಯಂತ್ರದ ಹೆಣ್ಣು ದನಿಯೊಂದು ಸ್ಪಷ್ಟವಾಗಿ ಹೇಳಿತು:

"ಹಪ್ಪಳ. ಬಟನ್. ಎರಡು ಸಲ ತಟ್ಟಿ."

"ಹಪ್ಪಳನಾ?" ಎಂದ ತುಕಿರಾನ್. "ನಗರಸಭೆ ಆ್ಯಪಲ್ಲಿ ಹಪ್ಪಳ ಎಲ್ಲಿಂದ ಬಂತು ಸಾರ್?"

ಹಪ್ಪಳದ ವಿಚಾರ ಆಮೇಲೆ. ಸಸೊಂಕೊನಿಗೆ ಒಂದಂತೂ ಖಚಿತವಾಗಿತ್ತು. ದೂರು ಕೊಟ್ಟವರಿಗೂ ಕಣ್ಣು ಕಾಣುವುದಿಲ್ಲ. ಈ ಓಣಿಯಲ್ಲಿ ಅಂಥವರು ಇರುವುದು ಒಂದೇ ಮನೆಯಲ್ಲಿ. ಅವನಿಗೆ ಸಂತೋಷವೇನೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಆ ಮನೆಯ ಪಂಜಿ ಎಂಬ ಯುವಕನನ್ನು ಠಾಣೆಗೆ ಕರೆಸಿದ. ಪಂಜಿ ಸೊಗಸುಗಾರ, ಮಾತಿನಮಲ್ಲ. ಗಿರಾಕಿಗಳು ಮುಂಗಡ ಹೇಳುವ ಬುಕಿಂಗ್ ಆ್ಯಪಿನಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಷತ್ರ ಅವನಿಗೇ.

"ಪಂಜಿ, ಆ್ಯಪಲ್ಲಿ ಹಪ್ಪಳ ಅಂದ್ರೇನು?"

ಪಂಜಿಯ ನಗು ಮಾಯವಾಯಿತು. "ಯಾಕೆ?"

"ಹೇಳು."

"ಆ್ಯಪ್ ಮಾಡೋರು ಬಟನ್ನಿಗೆ ಚಿತ್ರ ಹಾಕ್ತಾರೆ, ಹೆಸರು ಹಾಕಲ್ಲ. ನಮ್ಮ ಫೋನು ಬರೀ 'ಬಟನ್, ಬಟನ್, ಬಟನ್' ಅಂತ ಓದತ್ತೆ. ಯಾವುದು ಕಳ್ಸೋದು, ಯಾವುದು ಅಳ್ಸೋದು ಹೇಗೆ ಗೊತ್ತಾಗ್ಬೇಕು? ಒತ್ತಿ ಒತ್ತಿ ನೋಡಿ, ಏನಾಗತ್ತೆ ಅಂತ ತಿಳ್ಕೊಂಡು, ನಾವೇ ಹೆಸರಿಡ್ತೀವಿ. ಒಂದ್ಸಲ ಇಟ್ರೆ ಆಮೇಲೆ ಫೋನು ಅದನ್ನೇ ಹೇಳತ್ತೆ."

"ಹಪ್ಪಳ ಅಂತ ಯಾಕಿಡ್ತಾರೆ?"

"ಅದು ಇಬು ಕಲಿಸಿದ್ದು. ಕಳ್ಸೋ ಬಟನ್ನಿಗೆ ನಿಮಗೆ ಇಷ್ಟವಾದ್ದರ ಹೆಸರಿಡಿ, ಮರೆಯಲ್ಲ ಅಂತ. ನಂದು ಕಾಲ್ಚೆಂಡು. ಎಲ್ಲಾ ಆ್ಯಪಲ್ಲೂ ಕಾಲ್ಚೆಂಡೇ."

"ಹಪ್ಪಳ ಯಾರದು?"

"ಇಬುನೇ ಕೇಳಿ. ನನ್ನ ಬಾಯಿಂದ ಬೇಡ," ಎಂದ ಪಂಜಿ.

ಲೆಗಿನಾ ಬಂದಳು. ಸಸೊಂಕೊ ಅವಳಿಗೆ ನೀರು ಕೊಟ್ಟು, ಧ್ವನಿಮುದ್ರಣದ ಕೊನೆಯ ತುಣುಕನ್ನು ಕೇಳಿಸಿದ. ವೇಗ ಇಳಿಸುವ ಅಗತ್ಯವೇ ಬೀಳಲಿಲ್ಲ. ಅವಳಿಗೆ ಅದು ಮೊದಲ ಸಲಕ್ಕೇ ಮಾತಾಗಿ ಕೇಳಿತ್ತು. ನೀರಿನ ಲೋಟ ಕೆಳಗಿಟ್ಟಳು. ಇಡುವಾಗ ಮೇಜಿನ ಅಂಚು ತಪ್ಪಿತು, ಲೋಟ ನೆಲಕ್ಕೆ ಬಿತ್ತು.

"ಇನ್ನೊಂದ್ಸಲ ಹಾಕಿ."

ಹಾಕಿದ.

"ಇಲ್ಲ. ಇದು ಅವರಲ್ಲ," ಎಂದಳು. "ಅವರ ಫೋನು ಇಷ್ಟು ಜೋರಾಗಿ ಓಡಲ್ಲ. ಅವರಿಗೆ ಒಂದು ಮೆಸೇಜೂ ಓದೋಕೆ ಬರಲ್ಲ. ನಗರಸಭೆ ಆ್ಯಪಂತೂ ದೊಡ್ಡ ಕಾಡು, ಒಂದು ಬಟನ್ನಿಗೂ ಹೆಸರಿಲ್ಲ."

"ಅವರು ಅಂದ್ರೆ ಯಾರು, ಇಬು?"

ಹೊರಗೆ ಐಸ್ ಮಾರುವವನ ಗಂಟೆ ಬಡಿಯುತ್ತಾ ದೂರ ಹೋಯಿತು.

"ನನಗೆ ಗೊತ್ತಿಲ್ಲ ಅಂದ್ರೆ?"

"ಸೋಮವಾರ ನಿಮ್ಮ ಬೋರ್ಡು ಇಳಿಸ್ತಾರೆ. ಆ ಹುಡುಗೀರ ಮೇಲೆ ಬಂದ ಮಾತು ಹಾಗೇ ಉಳಿಯತ್ತೆ."

"ಗೊತ್ತು ಅಂದ್ರೆ?"

"ಬಂಧಿಸ್ತೀನಿ. ವಯಸ್ಸು ನೋಡಿ ಬಿಡೋಕೆ ನನಗೆ ಅಧಿಕಾರ ಇಲ್ಲ. ಅದನ್ನ ನ್ಯಾಯಾಧೀಶರು ನೋಡ್ಕೋತಾರೆ."

"ನಾನು ಹನ್ನೆರಡು ವರ್ಷದವಳಿದ್ದಾಗ ಈ ಕೆಲಸ ಕಲಿಸಿದ್ದು ಅವರು," ಎಂದಳು ಲೆಗಿನಾ. "ನನ್ನ ಹೆಬ್ಬೆರಳು ಹಿಡಿದು, ನರ ಇಲ್ಲಿದೆ ನೋಡು ಅಂತ ತೋರಿಸಿದೋರು. ನನ್ನ ಬಾಯಿಂದಾನೇ ಹೇಳಿಸ್ಬೇಕಾ?"

ಸಸೊಂಕೊ ಬಗ್ಗಿ ನೆಲದ ಮೇಲಿದ್ದ ಲೋಟ ಎತ್ತಿಟ್ಟ.

"ಆ ಹುಡುಗೀರು ಊಟ ಬಿಟ್ಟಿದಾರೆ," ಎಂದು ಲೆಗಿನಾ ತನಗೆ ತಾನೇ ಹೇಳಿಕೊಂಡಳು. ಆಮೇಲೆ ನೇರ ಕೂತು, "ಬರ್ಕೊಳ್ಳಿ. ಹಪ್ಪಳ ಬಾಪಾಕ್ ಕಾರ್ಸೊದು. ಹಲ್ಲು ಹೋದ್ಮೇಲೂ ಅದನ್ನ ಬಿಟ್ಟಿಲ್ಲ. ಚಹಾದಲ್ಲಿ ಅದ್ದಿ ತಿಂತಾರೆ," ಎಂದಳು.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಕಾರ್ಸೊನನ್ನು ಮನೆಯ ಬಾಗಿಲಲ್ಲೇ ವಶಕ್ಕೆ ಪಡೆದರು. ಫೋನನ್ನು ಪಂಚರ ಎದುರು ಜಪ್ತಿ ಮಾಡಿದರು. ತುಕಿರಾನ್ ಪರದೆಯ ಮೇಲೆ ಬೆರಳಿಟ್ಟದ್ದೇ ತಡ, ಸಾಸಿವೆ ಸಿಡಿದ ಹಾಗೆ ಮಾತು ಹೊರಟಿತು. ಎತ್ತಿನ ಗಾಡಿಯ ವೇಗ ಎಂದೋ ಹೋಗಿತ್ತು. ನಗರಸಭೆಯ ಆ್ಯಪ್ ಒಳಗಿತ್ತು. ಅದರ ಒಂದೊಂದು ಬಟನ್ನಿಗೂ ಹೆಸರಿತ್ತು.

ಮುದುಕ ತಕರಾರು ತೆಗೆಯಲಿಲ್ಲ. "ಹೇಗೆ ಗೊತ್ತಾಯ್ತು?" ಎಂದಷ್ಟೇ ಕೇಳಿದ. ಸಸೊಂಕೊ ಹೇಳಿದ. "ಅದು ಕೂಡ ಕೇಳಿಸ್ತಾ?" ಎಂದು ಮುದುಕ ತಲೆ ಕೊಡವಿದ. "ಕಿವಿಗೆ ವೈರು ಹಾಕ್ಕೊಂಡೇ ಮಾತಾಡಿ ಅಂತ ಲೆಗಿನಾ ಬಡ್ಕೋತಿದ್ಲು. ನಾನು ಕೇಳಲಿಲ್ಲ."

ಸಂಜೆ ಹೇಳಿಕೆ ದಾಖಲಾಯಿತು.

"ಯಾಕೆ ಮಾಡಿದ್ರಿ?"

"ಮೊದಲು ಬೆಂಚು ಇತ್ತು. ಬಂದ ಗಿರಾಕಿ, ಬೆಂಚಿನ ತುದೀಲಿ ಕೂತವರ ಪಾಲಿಗೆ. ಕೆಲಸ ಮುಗಿಸಿ ಬಂದೋರು ಇನ್ನೊಂದು ತುದೀಲಿ ಕೂರೋದು. ಯಾರು ಹೆಚ್ಚು, ಯಾರು ಕಮ್ಮಿ ಅನ್ನೋದೇ ಇರಲಿಲ್ಲ. ಬುಕಿಂಗ್ ಬಂತು. ಫೋನು ಹೆಸರು ಹಿಡಿದು ಕರೆಯೋಕೆ ಶುರು ಮಾಡ್ತು. ಪಂಜಿ, ಪಂಜಿ, ಪಂಜಿ. ನಾನು ಬೆಳಿಗ್ಗೆಯಿಂದ ಸಂಜೆ ತನಕ ಕೂತಿರೋದು. ಬೆಂಚು ನನ್ನೊಬ್ಬನದೇ ಆಯ್ತು."

"ಅದಕ್ಕೆ ಹುಡುಗೀರ ಮೇಲೆ ಅಂಥ ಮಾತಾ?"

ಮುದುಕ ತಲೆ ತಗ್ಗಿಸಿದ. "ಒಂದು ಕೆಟ್ಟ ದೂರು ಬಂದ್ರೆ ಬುಕಿಂಗಿನೋರು ನಮ್ಮ ಮನೆ ಹೆಸರು ತೆಗೀತಾರೆ ಅಂತ ಯಾರೋ ಅಂದಿದ್ರು. ಅಷ್ಟೇ ಆಗತ್ತೆ ಅಂದ್ಕೊಂಡೆ. ಬಾಗಿಲು ಮುಚ್ತಾರೆ, ಮಕ್ಕಳನ್ನ ಬೀದೀಲಿ ನಿಲ್ಲಿಸ್ತಾರೆ ಅಂತ ಗೊತ್ತಿದ್ರೆ... ಆವತ್ತು ಅವು ಅಳ್ತಿದ್ದದ್ದು ಕೇಳಿಸ್ತಿತ್ತು. ಹೇಳಿಬಿಡೋಣ ಅಂತ ಬಾಯಿ ತನಕ ಬಂತು. ಧೈರ್ಯ ಬರಲಿಲ್ಲ."

ಸಸೊಂಕೊ ಬರೆದುಕೊಂಡ. ನ್ಯಾಯಾಲಯದಲ್ಲಿ ಕೇಳಿಯೇ ಕೇಳುವ ಪ್ರಶ್ನೆ ಒಂದು ಬಾಕಿ ಇತ್ತು.

"ನಿಮ್ಮ ಪರವಾಗಿ ದೂರು ಕಳಿಸಿಕೊಟ್ಟವರು ಯಾರು? ನಿಮಗೆ ಫೋನೇ ಬರಲ್ಲ ಅಂತ ಇಡೀ ಮನೆ ಹೇಳತ್ತೆ. ಜೊತೆಗಿದ್ದವರ ಹೆಸರು ಹೇಳಿ."

ಅಲ್ಲಿಯವರೆಗೆ ತಗ್ಗಿದ್ದ ತಲೆ ಮೇಲೆದ್ದಿತು. "ಯಾರೂ ಇಲ್ಲ. ಎಲ್ಲಾ ನಾನೇ. ಬೆಂಚಿನ ಮೇಲೆ ಕೂತು ಕೂತು ಮಾಡೋದೇನು? ಕಲಿತೆ. ದಿನಾ ಒಂಚೂರು ವೇಗ ಹೆಚ್ಚಿಸ್ತಾ ಹೋದೆ. ಓದೋಕೆ ಬರತ್ತೆ ಅಂತ ಲೆಗಿನಾಗೆ ಹೇಳಲಿಲ್ಲ. ಹೇಳಿದ್ರೆ ಅವಳು ಬಂದು ಪಕ್ಕ ಕೂತು ಓದೋದು ನಿಲ್ಲಿಸ್ತಿದ್ಲು. ಆ ದೂರು ಹೋಯ್ತು ಅಂತ ಫೋನು ಹೇಳ್ತಲ್ಲ, ಆಗ ಲೆಗಿನಾ ಅಡುಗೆಮನೇಲಿದ್ಲು. 'ಅಮ್ಮಾ, ಒಬ್ಬನೇ ಮಾಡ್ದೆ ಕಣೇ' ಅಂತ ಕೂಗೋಕೆ ಹೊರಟೆ. ಆಮೇಲೆ ಕಳ್ಸಿದ್ದೇನು ಅಂತ ನೆನಪಾಯ್ತು."

ಸಸೊಂಕೊ 'ಬೇರೆ ಯಾರ ಸಹಾಯವೂ ಇರಲಿಲ್ಲ' ಎಂದು ಬರೆದು, ಮುದುಕನ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡ. ದೂರು ಸುಳ್ಳೆಂಬ ವರದಿಯನ್ನು ಆ ಸಂಜೆಯೇ ನಗರಸಭೆಗೆ ಕಳಿಸಿದ.

ಲೆಗಿನಾ ಠಾಣೆಯ ಜಗುಲಿಯ ಮೇಲೆ ಬಾಳೆಎಲೆಯಲ್ಲಿ ಮುದುಕನಿಗೆಂದು ಕಟ್ಟಿ ತಂದ ಅನ್ನ ಹಿಡಿದು ಕೂತಿದ್ದಳು. ಸಸೊಂಕೊನ ಬೂಟಿನ ಸದ್ದಿಗೆ ಎದ್ದು ನಿಂತಳು. ಮುದುಕ ಯಾಕೆ ಹಾಗೆ ಮಾಡಿದ ಎಂದು ಕೇಳಲಿಲ್ಲ.

"ಬಟನ್ನಿಗೆಲ್ಲ ಹೆಸರಿಟ್ಟು ಕೊಟ್ಟಿದ್ದು ಯಾರಂತೆ?"

"ಯಾರೂ ಅಲ್ಲ. ಅವರೊಬ್ಬರೇ."

"ಎಲ್ಲದಕ್ಕೂ?"

"ಎಲ್ಲದಕ್ಕೂ."

"ಆ ಆ್ಯಪಲ್ಲಿ ನಾನು ಅರ್ಧಕ್ಕೇ ಸೋತು ಕೈಬಿಟ್ಟಿದ್ದೆ," ಎಂದಳು ಲೆಗಿನಾ. ಅನ್ನದ ಪೊಟ್ಟಣ ಅವನ ಕೈಗಿಟ್ಟು, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.