ಕೊಲಂಬೊ ಯಾತ್ರೆಯ ಜಾಮೀನು

1962ನೇ ಇಸವಿ ಮೇ 9, ಬುಧವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕೊಲ್ಲಮೊಗ್ರಿನ ಬೋಜಪ್ಪ ಗೌಡರು ಸುಳ್ಯ ಠಾಣೆಯ ಮೆಟ್ಟಿಲು ಹತ್ತಿದರು. ಬಲಗೈ ಮೇಲೆ ಮಡಚಿದ ಶಾಲು, ಎಡಗೈಯಲ್ಲಿ ನಾಲ್ಕು ಮಡಿಕೆಯ ಫಿರ್ಯಾದಿ ಅರ್ಜಿ. ಸಬ್‌ಇನ್‌ಸ್ಪೆಕ್ಟರ್ ಪ್ರೇಮನಾಥ ಕುಳಿತುಕೊಳ್ಳಲು ಹೇಳಿದರೂ ಅವರು ಕೂರಲಿಲ್ಲ.

"ತಂಗಿ ಕಾಣುದಿಲ್ಲ ಸಾರ್. ಶೀಲಾವತಿ. ಪೆರಾಬೆ ಶಾಲೆಯಲ್ಲಿ ಟೀಚರು."

"ಯಾವತ್ತಿನಿಂದ?"

"ಹೋದ ಶುಕ್ರವಾರ. ಪುತ್ತೂರಿನಲ್ಲಿ ಟ್ರೈನಿಂಗು ಉಂಟು ಅಂತ ಹೇಳಿದ್ದು. ಪುತ್ತೂರಿಗೆ ಹೋಗಿ ವಿಚಾರಿಸಿದೆ. ಅಲ್ಲಿ ಎಂತ ಟ್ರೈನಿಂಗೂ ಇಲ್ಲ."

"ವಯಸ್ಸು?"

"ಇಪ್ಪತ್ತೆಂಟು. ಮದುವೆ ಆಗಲಿಲ್ಲ. ಮೂರು ಸಂಬಂಧ ಬಂದಿತ್ತು, ಮೂರನ್ನೂ ಬೇಡ ಅಂದಳು."

"ಯಾರ ಮೇಲಾದರೂ ಸಂಶಯ?"

"ಬಸ್ಸಿನ ಕಂಡಕ್ಟರ್ ಕಾಸಿಂ. ಅವಳಿಗೆ ದಿನಾ ಸೀಟು ಹಿಡಿದು ಇಡುದು ಅವನೇ ಅಂತೆ."

ಅರ್ಜಿ ದುಂಡಗಿನ ಅಕ್ಷರದಲ್ಲಿತ್ತು. ಕೆಳಗೆ 'ಕೆ. ಬೋಜಪ್ಪ ಗೌಡ' ಎಂದು ಚೊಕ್ಕ ಸಹಿ. ಪ್ರೇಮನಾಥ ಅಪಹರಣದ ಕಲಮಿನಡಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜತ್ತಪ್ಪನನ್ನು ಕರೆದರು. ಮಂಗಳೂರು ಬಿಟ್ಟು ಈ ಕಡೆಗೆ ವರ್ಗವಾಗಿ ಬಂದು ಅವರಿಗೆ ಒಂದು ವರ್ಷವಾಗಿತ್ತಷ್ಟೆ. ಊರಿನ ಒಳಹೊರಗೆಲ್ಲ ಬಲ್ಲವನು ಜತ್ತಪ್ಪ.

ಮರುದಿನ ಹತ್ತೂವರೆಗೆ ಇಬ್ಬರೂ ಉಪ್ಪಿನಂಗಡಿಯಲ್ಲಿ ಕಾಸಿಂನನ್ನು ಹಿಡಿದರು. ಅವನು ಬಸ್ಸಿನ ತಲೆಯ ಮೇಲೆ ಅಕ್ಕಿಮುಡಿ ಏರಿಸುತ್ತಿದ್ದ.

"ಶೀಲಾವತಿ ಟೀಚರು ಎಲ್ಲಿ?"

"ನನಗೆ ಹೇಗೆ ಗೊತ್ತು ಸಾರ್? ಶುಕ್ರವಾರ ಮಂಗಳೂರಿಗೆ ಮೂರು ಟಿಕೇಟು ಕೊಟ್ಟೆ. ಟೀಚರು, ಕಡಬದ ಮಿಡ್‌ವೈಫ್ ಸೇವಂತಿಯಮ್ಮ, ಮತ್ತೆ ಬಟ್ಟೆ ಹೊಲಿಯುವ ನೆಬೀಸ. ಮೂವರಿಗೂ ಬೆನ್ನಿನ ಮೇಲೆ ಖಾಕಿ ಚೀಲ. ಮಿಲಿಟರಿ ಸೇರ್ತೀರಾ ಅಂತ ಕೇಳಿದೆ. ಟೀಚರು 'ನಿನ್ನ ಕೆಲಸ ನೋಡು ಮಾರಾಯ' ಅಂದ್ರು. ಅಷ್ಟೇ ನಮ್ಮ ಮಾತು."

ಆ ಶುಕ್ರವಾರ ಸಂಜೆಯವರೆಗೂ ಅವನು ಅದೇ ಬಸ್ಸಿನಲ್ಲಿದ್ದನೆಂದು ಡ್ರೈವರ್ ಹೇಳಿದ. ಕಾಸಿಂನನ್ನು ಬಿಟ್ಟು ಅವರು ಕಡಬಕ್ಕೆ ಹೋದರು. ಶೀಲಾವತಿ ಮತ್ತು ಸೇವಂತಿ ಬಾಡಿಗೆಗಿದ್ದ ಕೋಣೆಯ ಯಜಮಾನಿ ಪಾತುಮ್ಮ. ನೆಬೀಸ ಆಕೆಯ ಅಣ್ಣನ ಮಗಳು. ಆಕೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪೊಲೀಸರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದಳು.

"ಕೊಲಂಬೊಗೆ ಹೋಗಿದ್ದಾರೆ."

"ಕೊಲಂಬೊಗಾ! ಸಿಲೋನಿಗೆ? ಯಾರ ಜತೆಗೆ?"

"ಯಾರ ಜತೆಗೆ ಅಂದ್ರೆ ಎಂತ? ಮೂವರು ಇದ್ದಾರಲ್ಲ, ಜತೆಗೆ."

"ಎಂತಕ್ಕೆ ಹೋದದ್ದು?"

"ನೋಡ್ಲಿಕ್ಕೆ."

"ನೀವು ಬಿಟ್ಟಿರಾ?"

"ನಾನು ಹಿಡಿದು ಕಟ್ಟಿ ಹಾಕುದಾ ಸಾರ್? ಅವರಿಗೆ ಕೈಕಾಲು ಉಂಟು, ಕೆಲಸ ಉಂಟು. ಕದ್ದು ಹೋಗಲಿಲ್ಲ. ಹಗಲಿಗೇ ಹೋದದ್ದು, ಎಲ್ಲರ ಎದುರಿಗೆ."

ಇಬ್ಬರು ಪಂಚರ ಸಮಕ್ಷಮ ಕೋಣೆಯ ಬೀಗ ತೆಗೆಸಿ ಪಂಚನಾಮೆ ನಡೆಸಲಾಯಿತು. ಗೋಡೆಯಲ್ಲಿ ಕೈಯಿಂದ ಬರೆದ ಸಿಲೋನಿನ ನಕಾಶೆ. ಮೇಜಿನ ಸೆಳೆಖಾನೆಯಲ್ಲಿ ಖಾಕಿ ಬಟ್ಟೆಯ ತುಂಡು, ಧನುಷ್ಕೋಡಿಯ ಹಡಗಿನ ಸಮಯ ಗುರುತು ಹಾಕಿದ ಚೀಟಿ. ಅದರ ಕೆಳಗೆ ಒಂದು ಜಾಮೀನು ಪತ್ರದ ಕಾರ್ಬನ್ ಪ್ರತಿ. ಈ ಮೂವರು ಪರದೇಶದಲ್ಲಿ ಸಿಕ್ಕಿಬಿದ್ದರೆ ಊರಿಗೆ ಕರೆತರುವ ವೆಚ್ಚಕ್ಕೆ ನಾನು ಹೊಣೆ ಎಂದು ಭೂಮಿಯುಳ್ಳ ಒಬ್ಬರು ಪಾಸ್‌ಪೋರ್ಟ್ ಕಚೇರಿಗೆ ಬರೆದುಕೊಟ್ಟ ಪತ್ರ ಅದು. ಕೆಳಗೆ ಸಹಿ: ಕೆ. ಬೋಜಪ್ಪ ಗೌಡ.

"ಅಪಹರಣಕ್ಕೆ ಅಣ್ಣನೇ ಜಾಮೀನು ನಿಂತದ್ದಾ ಸಾರ್?" ಎಂದ ಜತ್ತಪ್ಪ.

ಮೇ 11ರಂದು ಬೋಜಪ್ಪ ಗೌಡರನ್ನು ಕರೆಸಿ ಪತ್ರ ತೋರಿಸಿದರು. ಗೌಡರು ಅದನ್ನು ಬಹಳ ಹೊತ್ತು ನೋಡಿದರು.

"ಸಹಿ ನಿಮ್ಮದಾ?"

"ನನ್ನದೇ. ಅಲ್ಲ, ನನ್ನದರ ಹಾಗೇ ಉಂಟು. ಆದರೆ ನಾನು ಹಾಕಲಿಲ್ಲ. ತಂಗಿ ಕೇಳಿದ್ದಳು, ಆಗುದಿಲ್ಲ ಅಂತ ಹೇಳಿದ್ದೆ. ಅಲ್ಲಿಗೆ ಆ ಆಸೆ ಮುಗಿಯಿತು ಅಂತ ಎಣಿಸಿದ್ದೆ. ಅವಳೇ ಹಾಕಿರಬೇಕು. ಹಿಡಿದು ತನ್ನಿ ಸಾರ್ ಅವಳನ್ನು!"

ಕೇಸಿನ ಕಲಂ ಬದಲಾಯಿತು. ಅಪಹರಣ ಹೋಗಿ ಖೋಟಾ ಸಹಿ ಬಂತು.

ಹಿಡಿದು ತರುವ ಕೆಲಸ ಬೀಳಲಿಲ್ಲ. ಮೇ 17ರ ಮಧ್ಯಾಹ್ನ ಮೂರು ಗಂಟೆಗೆ ಮೂವರೂ ತಾವಾಗಿಯೇ ಠಾಣೆಗೆ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಸೇವಂತಿಯ ಒಂದು ಚಪ್ಪಲಿಗೆ ಸೆಣಬಿನ ಹಗ್ಗ ಕಟ್ಟಿತ್ತು. ಶೀಲಾವತಿ ಚೀಲ ಇಳಿಸಿ ಪ್ರೇಮನಾಥರ ಎದುರಿನ ಬೆಂಚಿನಲ್ಲಿ ಕುಳಿತಳು.

"ನಮ್ಮನ್ನು ಯಾರೋ ಹಾರಿಸಿಕೊಂಡು ಹೋಗಿದ್ದಾರೆ ಅಂತ ಬಸ್ಸಿನಲ್ಲಿ ಕೇಳಿದೆವು. ಹಾರಿಸಿದವರು ಯಾರು ಅಂತ ನೋಡಿ ಹೋಗುವ ಅಂತ ಬಂದದ್ದು."

"ಕೊಲಂಬೊದಲ್ಲಿ ಎಲ್ಲಿ ಉಳಿದುಕೊಂಡಿರಿ?"

ನೆಬೀಸ ಉತ್ತರಿಸಿದಳು. "ನನ್ನ ಮಾವ ಉಸ್ಮಾನ್‌ರ ಅಂಗಡಿ ಉಂಟು ಅಂತ ಹೋದದ್ದು. ಮಾವ ಅಂಗಡಿ ಮಾರಿ ಬೇರೆ ಊರಿಗೆ ಹೋಗಿ ಎರಡು ವರ್ಷ ಆಯ್ತಂತೆ."

"ಮತ್ತೆ?"

"ಒಂದು ಛತ್ರದವ ಗಂಡಸರಿಲ್ಲದೆ ಕೋಣೆ ಕೊಡುದಿಲ್ಲ ಅಂದ. ಅವನ ಬಾಗಿಲಿನ ಎದುರೇ ಸ್ಟೋವ್ ಹಚ್ಚಿ ಗಂಜಿಗೆ ಇಟ್ಟೆವು. ಜನ ಸೇರಿದ್ರು. ಗಂಜಿ ಬೇಯುವ ಮೊದಲು ಕೋಣೆ ಸಿಕ್ಕಿತು."

"ಭಾಷೆ?"

"ಅಲ್ಲಿಯ ಅಕ್ಷರ ದೂರದಿಂದ ನಮ್ಮದರ ಹಾಗೇ ಉರುಟು," ಎಂದಳು ಶೀಲಾವತಿ. "ಓದುವ ಅಂತ ಹತ್ತಿರ ಹೋದರೆ ಒಂದೂ ನಮ್ಮದಲ್ಲ. ದಿನಾ ದಾರಿ ತಪ್ಪಿತು. ತಪ್ಪಿದ ಕಡೆ ಎಂತ ಉಂಟೋ ಅದನ್ನು ನೋಡಿದೆವು. ಟ್ಯಾಕ್ಸಿ ಬಿಡಿ, ಬಸ್ಸಿಗೂ ದುಡ್ಡು ಕೊಡಲಿಲ್ಲ. ನಡೆದೇ ನೋಡಿದ್ದು ಎಲ್ಲ."

ಕೇಸಿಗೆ ಬೇಕಾದ್ದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದೇನೆಂದು ಪ್ರೇಮನಾಥರಿಗೆ ಅರಿವಾಯಿತು. ಅವರು ಸ್ವತಃ ಮದರಾಸಿನಿಂದ ಆಚೆ ಹೋದವರಲ್ಲ. ಗಂಟಲು ಸರಿಮಾಡಿಕೊಂಡು ಜಾಮೀನು ಪತ್ರ ಮುಂದಿಟ್ಟರು.

"ಈ ಸಹಿ ಹಾಕಿದ್ದು ಯಾರು?"

"ಹೇಳುದಿಲ್ಲ," ಎಂದಳು ಶೀಲಾವತಿ. "ಹಾಗೇ ಬರ್ಕೊಳ್ಳಿ. ಗೊತ್ತುಂಟು, ಹೇಳುದಿಲ್ಲ."

ಪಂಚರ ಎದುರು ಮೂವರ ಕೈಬರಹದ ನಮೂನೆ ತೆಗೆದರು. ಶೀಲಾವತಿಯ ಅಕ್ಷರ ಬಲಕ್ಕೆ ವಾಲಿತ್ತು. ಸೇವಂತಿಯದು ಇರುವೆಯಷ್ಟು ಸಣ್ಣದು. ನೆಬೀಸಳಿಗೆ ಕನ್ನಡದಲ್ಲಿ ಬರುತ್ತಿದ್ದುದು ತನ್ನ ಹೆಸರು ಮಾತ್ರ. ಒಂದೂ ತಾಳೆಯಾಗಲಿಲ್ಲ. ಮೂವರನ್ನೂ ಮನೆಗೆ ಕಳಿಸಿದರು.

ಮೇ 19ಕ್ಕೆ ಬೋಜಪ್ಪ ಗೌಡರ ಅಸಲು ಸಹಿಯ ನಮೂನೆಗೆಂದು ಅವರನ್ನು ಪುನಃ ಕರೆಸಿದರು. ಗೌಡರು ಕಾಗದವನ್ನು ಮುಟ್ಟಲಿಲ್ಲ.

"ಮನೆಗೆ ತಕೊಂಡು ಹೋಗಿ ಹಾಕಿ ಕಳಿಸ್ತೇನೆ."

"ಇಲ್ಲೇ ಹಾಕಿ ಗೌಡ್ರೆ. ಐದು ಸಲ."

"ಕೈ ನೋವು ಉಂಟು."

ಪ್ರೇಮನಾಥ ಎದ್ದು ಬಂದು ಬಲಗೈ ಮೇಲಿನ ಶಾಲನ್ನು ಮೆಲ್ಲನೆ ಸರಿಸಿದರು. ಬಲಗೈಯ ಹೆಬ್ಬೆರಳೂ ಎರಡು ಬೆರಳುಗಳೂ ಒಣಗಿದ ಬೇರಿನ ಹಾಗೆ ಒಳಕ್ಕೆ ಮಡಚಿಕೊಂಡಿದ್ದವು.

"ಯಾವಾಗ ಆದದ್ದು?"

"ಐವತ್ತೇಳರಲ್ಲಿ," ಎಂದರು ಗೌಡರು ಗೋಡೆ ನೋಡುತ್ತ. "ಮರ ಉರುಳಿತು. ಪಂಚಾಯತಿನಲ್ಲಿ ಇರುವವ ನಾನು. ಹೆಬ್ಬೆಟ್ಟು ಒತ್ತಲಿಕ್ಕೆ ಆಗ್ತದಾ ಸಾರ್? ಯಾರಿಗೂ ಹೇಳಲಿಲ್ಲ."

"ಹಾಗಾದರೆ ಐದು ವರ್ಷದಿಂದ ನಿಮ್ಮ ಸಹಿ ಯಾರು ಹಾಕುದು?"

ಉತ್ತರ ತನಗೇ ಆಗಷ್ಟೇ ಹೊಳೆದಂತೆ ಗೌಡರ ಬಾಯಿ ಅರ್ಧ ತೆರೆದು ನಿಂತಿತು.

"ಈ ಫಿರ್ಯಾದಿ ಅರ್ಜಿ ಬರೆದದ್ದು?"

"ಅವಳೇ," ಎಂದರು ಕೊನೆಗೆ. "ಸೀತು. ನನ್ನ ಹೆಂಡತಿ."

ಮೇ 21, ಸೋಮವಾರ, ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಪೊಲೀಸರು ಕೊಲ್ಲಮೊಗ್ರು ತಲುಪಿದರು. ಸೀತು ಅಂಗಳದಲ್ಲಿ ಕಾಳುಮೆಣಸು ಕೇರುತ್ತಿದ್ದಳು. ಮೂವತ್ತೈದರ ಆಸುಪಾಸಿನ, ಎತ್ತರದ ಹೆಂಗಸು. ಶೀಲಾವತಿ ಜಗಲಿಯಲ್ಲಿದ್ದಳು. ಅತ್ತಿಗೆಯ ಕಡೆ ಬರಹೋದವಳನ್ನು ಸೀತು ಕೈಯೆತ್ತಿ ತಡೆದಳು.

"ಈ ಸಹಿ ಹಾಕಿದ್ದು ನಾನೇ ಸಾರ್. ಇವಳನ್ನು ಕೇಳಬೇಡಿ."

"ಮದರಾಸಿನ ಪಾಸ್‌ಪೋರ್ಟ್ ಕಚೇರಿಯಿಂದ ವಿಚಾರಿಸಿ ಕಾಗದ ಬರಲಿಲ್ಲವಾ?"

"ಬಂತು. ಬೋಜಪ್ಪ ಗೌಡರು ಒಪ್ಪಿದ್ದು ಹೌದಾ ಅಂತ. ಹೌದು ಅಂತ ಬರೆದೆ. ನನಗೂ ಹೋಗುವ ಆಸೆ ಇತ್ತು. ನಾಲ್ಕು ಜನವೂ ಹೋದರೆ ಆ ಕಾಗದಕ್ಕೆ ಇಲ್ಲಿಂದ ಉತ್ತರ ಬರೆಯುವವರು ಯಾರು? ಅದಕ್ಕೆ ಉಳಿದೆ."

ಬೋಜಪ್ಪ ಗೌಡರು ನಡುವೆ ಬಂದರು. ಅವರ ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. "ಸಾರ್, ನಾನು ಒಪ್ಪಿದ್ದೆ ಅಂತ ಬರ್ಕೊಳ್ಳಿ. ಕೇಸು ಬೇಡ."

ಪ್ರೇಮನಾಥರಿಗೆ ಹಗುರವಾಯಿತು. ಸೀತುವಿನ ಕಡೆ ತಿರುಗಿ, ದಾರಿ ತೋರಿಸುವವರಂತೆ ಹೇಳಿದರು: "ಗಂಡನ ಒಪ್ಪಿಗೆ ಇತ್ತು ಅಂದ್ರೆ ಇದು ಖೋಟಾ ಆಗುದಿಲ್ಲ. ಇತ್ತಲ್ಲ?"

"ಇರಲಿಲ್ಲ."

"ಸೀತೂ!" ಎಂದರು ಗೌಡರು.

"ಇರಲಿಲ್ಲ ಸಾರ್. ನಾನೂ ಕೇಳಿದ್ದೆ, ಎರಡು ಸಲ. ಹೆಣ್ಣು ಹೆಂಗಸರಿಗೆ ಪರದೇಶ ಎಂತಕ್ಕೆ ಅಂದರು. ಆಮೇಲೆ ಹಾಕಿದೆ." ಅವಳು ಗೆರಸೆ ಕೆಳಗಿಟ್ಟಳು. "ಐದು ವರ್ಷ ಇವರು ಹೇಳಿದ್ದಕ್ಕೆಲ್ಲ ಈ ಕೈ ಸಹಿ ಹಾಕಿತು. ಗೇಣಿಯವರನ್ನು ಬಿಡಿಸುವ ನೋಟೀಸಿಗೂ ಹಾಕಿತು, ಈ ಹುಡುಗಿಯನ್ನು ಹುಡುಕಿಸುವ ಫಿರ್ಯಾದಿಗೂ ಹಾಕಿತು. ಆಗ ಯಾರೂ ಖೋಟಾ ಅನ್ನಲಿಲ್ಲ. ಒಂದೇ ಒಂದು ಸಹಿ ನಾನು ನನ್ನ ಮನಸ್ಸಿಗೆ ಕಂಡ ಹಾಗೆ ಹಾಕಿದ್ದು. ಅದನ್ನು ಇವರು ಹಾಕಿಸಿದ್ದು ಅಂತ ಮಾಡಬೇಡಿ."

ಪ್ರೇಮನಾಥ ಗಡಿಯಾರ ನೋಡಿ ಹನ್ನೊಂದು ನಲವತ್ತಕ್ಕೆ ದಸ್ತಗಿರಿ ಎಂದು ಬರೆದರು.

ಪುತ್ತೂರು ಕೋರ್ಟಿಗೆ ಹಾಜರುಪಡಿಸಲು ಬಸ್ಸಿನಲ್ಲೇ ಹೋಗಬೇಕಾಯಿತು. ಆರೋಪಿಯ ಜತೆಗೆ ಹೆಂಗಸೊಬ್ಬಳು ಇರಲಿ ಎಂದು ಶೀಲಾವತಿಯನ್ನೂ ಹತ್ತಿಸಿಕೊಂಡರು. ಸೀತು ಕಿಟಕಿಯ ಬದಿ ಕೇಳಿ ಪಡೆದಳು. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ಅವಳು ಸುಬ್ರಹ್ಮಣ್ಯ ದಾಟಿದ್ದು ಇದು ಮೂರನೆಯ ಸಲ ಎಂದು ನಾದಿನಿ ಹೇಳಿದಳು. ದಾರಿಯುದ್ದಕ್ಕೂ ಸೀತು ಕೊಲಂಬೊದ ಬಗ್ಗೆ ಕೇಳುತ್ತಲೇ ಇದ್ದಳು. ಆ ಛತ್ರದ ಬಾಗಿಲು ಯಾವ ದಿಕ್ಕಿಗೆ, ಗಂಜಿಗೆ ಉಪ್ಪಿತ್ತೋ, ಸಮುದ್ರಕ್ಕೆ ಎಷ್ಟು ನಡೆಯಬೇಕು. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯಬೇಕಾದಲ್ಲಿ ಪ್ರೇಮನಾಥರು ಹಣವಲ್ಲ, ದ್ವೇಷವಲ್ಲ ಎಂದು ಬರೆದು ಪೆನ್ನು ಹಿಡಿದು ಕುಳಿತಿದ್ದರು.

"ನ್ಯಾಯಾಧೀಶರ ಎದುರು ತಪ್ಪಾಯ್ತು ಅಂತ ಒಂದು ಮಾತು ಹೇಳಿ," ಎಂದರು ಕೊನೆಗೆ ಮೆಲ್ಲಗೆ. "ದಂಡಕ್ಕೆ ಮುಗೀಬಹುದು."

"ದಂಡ ಕಟ್ಟುವ ಸಾರ್. ತಪ್ಪಾಯ್ತು ಅಂತ ಹೇಳುದಿಲ್ಲ." ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮುಂದಿನ ವರ್ಷ ನಾನೂ ಹೋಗುವವಳೇ. ಆಗ ಸಹಿ ಅವರೇ ಹಾಕಲಿ. ಎಡಗೈ ಉಂಟಲ್ಲ, ಕಲೀಲಿ."